ದಾಸ್ತಾನು ಪುಸ್ತಕ

ಪಾಂಡವಪುರದ ಸರ್ಕಾರಿ ಹೈಸ್ಕೂಲಿನ ಲ್ಯಾಬಿನಲ್ಲಿ
ಇಪ್ಪತ್ತಾರು ವರ್ಷದಿಂದ ಈ ಪುಸ್ತಕ ಬರೆಯುವವನು ನಾನೇ.
ಬಂದದ್ದು, ಒಡೆದದ್ದು, ಉಳಿದದ್ದು. ಮೂರು ಕಲಂ.
ಆಸೆಗೆ ಕಲಂ ಇಲ್ಲ.

ನಮ್ಮವರು ಮೇಲಕ್ಕೆ ಹೋದ ದಿನ
ಹಾಸ್ಟೆಲ್ಲಿನ ಟೀವಿ ಹೊತ್ತು ತಂದೆವು,
ಕೇಬಲ್ಲಿನ ಚಿಕ್ಕಮರೀಗೌಡ ಕಿಟಕಿಯಿಂದ ತಂತಿ ಎಳೆದ.
ಎಣಿಕೆ ಸೊನ್ನೆಗೆ ಬಂತು, ಬೆಂಕಿ ಕಂಡಿತು,
ಕರೆಂಟು ಹೋಯಿತು.
ಮಿಕ್ಕ ದಾರಿಗೆ ರಾಕೆಟ್ಟನ್ನು
ಹೆಡ್‌ಮಿಸ್ಟ್ರೆಸ್ ಬಾಯಲ್ಲೇ ಹಾರಿಸಿದರು.

ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸು.
ನಡುವೆ ಬಿಳಿ ಉಡುಪಿನ ಗಗನಯಾತ್ರಿ,
ಸುತ್ತ ಶುಭ ಕೋರುವ ಹದಿನಾಲ್ಕು ಮುಖ,
ಅವರಲ್ಲಿ ಯಾರೂ ಕುಂತಿಬೆಟ್ಟ ಕೂಡ ಹತ್ತಿದವರಲ್ಲ.
ಮೂರು ಸಾವಿರದ ಇನ್ನೂರು ಆಯಿತೆಂದು
ಪ್ರಿಂಟು ಹಾಕಿದ ಮುನೀರ್ ಹೇಳಿದ.
ಲ್ಯಾಬಿಗೆ ಆ ವರ್ಷ ಬಂದದ್ದು ಎರಡು ಸಾವಿರ,
ಅದೂ ಮಾರ್ಚಿ ಕೊನೆಗೆ,
ನಾಲ್ಕು ದಿನದಲ್ಲಿ ಖರ್ಚಾಗದಿದ್ದರೆ ವಾಪಸ್ಸು.

ಹನ್ನೊಂದು ದಿನ ಉಮೇದು ಇತ್ತು. ನಾನು ಎಣಿಸಿದ್ದೇನೆ.
ಗ್ರಹಗಳ ಪಟದ ಮುಂದೆ ಗುಂಪು,
ಶನಿಯ ಬಳೆಯ ಮೇಲೆ ಬೆರಳಿನ ಜಿಡ್ಡು.
ಹನ್ನೆರಡನೆಯ ದಿನ ಫ್ಲೆಕ್ಸಿನ ಮೇಲೆ ಇನ್ನೊಂದು ಫ್ಲೆಕ್ಸು,
ಯಾರದೋ ಹುಟ್ಟುಹಬ್ಬ.
ಅಂಚಿನಲ್ಲಿ ಬಿಳಿ ಬೂಟೊಂದು ಇಣುಕುತ್ತಿತ್ತು.

ಗಣಿತದ ಪುಟ್ಟಬಸವಯ್ಯ ಮೇಷ್ಟ್ರು ಟೀ ಹೀರುತ್ತಾ ಅಂದರು:
"ಆ ದುಡ್ಡಲ್ಲಿ ಎಷ್ಟು ಲ್ಯಾಬು ಕಟ್ಟಬೋದಿತ್ತು, ಯೋಳಿ?"
ನಾನಂದೆ: "ಮೇಲಿನೋರು ತೂಬು ಮುಚ್ಚಿದ್ರೂ
ಕಡೇ ಗದ್ದೆಗೆ ನೀರು ಬತ್ತದೆ ಅಂತ ಏನ್ ಗ್ಯಾರಂಟಿ ಸಾ?"
ಇಬ್ಬರಿಗೂ ಲೆಕ್ಕ ಬಗೆಹರಿಯಲಿಲ್ಲ.
ಕಾರ್ಖಾನೆಯ ಕಾಕಂಬಿ ವಾಸನೆ
ಕಿಟಕಿಯಲ್ಲಿ ಬಂದು ಕೂತಿತ್ತು.

ಹದಿನೈದೋ ಹದಿನಾರೋ ದಿನದ ಮಧ್ಯಾಹ್ನ
ಬಿಸಿಯೂಟದ ಕೆಂಪಾಜಮ್ಮನ ಮಗಳು ಸಿಂಚನ,
ಒಂಬತ್ತನೇ ಬಿ, ಬಾಗಿಲಲ್ಲಿ ನಿಂತು ಕೇಳಿದಳು:
"ಸಾ, ಅಲ್ಲಿ ಮ್ಯಾಲೆ ಕೆಳಗೆ ಅನ್ನೋದೇ ಇಲ್ವಂತಲ್ಲ,
ಅಂಗಾರೆ ಒಲೆ ಹಚ್ಚಿದ್ರೆ
ಉರಿ ಯಾವ್ ಕಡೀಕೆ ಹೋಯ್ತದೆ?"

ನಾನು ಅಟೆಂಡರ್. ಉತ್ತರ ನನ್ನ ಬಾಬ್ತಲ್ಲ.
ಸ್ಪಿರಿಟ್ ದೀಪದಲ್ಲಿ ಸ್ಪಿರಿಟ್ ಇಲ್ಲದೆ ಎರಡು ವರ್ಷ,
ವಿಜ್ಞಾನದ ಮೇಷ್ಟ್ರಿಲ್ಲದೆಯೂ ಅಷ್ಟೇ.
ಆದರೆ ಹಿಂದೆ ಇದ್ದ ಒಬ್ಬರು ಹೇಳಿದ್ದು ನೆನಪಿತ್ತು,
ಬೀಳುವಷ್ಟು ಹೊತ್ತು ಯಾವುದಕ್ಕೂ ಭಾರವಿಲ್ಲ ಎಂದು.

ಅಗಲ ಬಾಯಿಯ ಗಾಜಿನ ಜಾಡಿ. ತಳದಲ್ಲಿ ಮೇಣದ ಬತ್ತಿ.
ಕಡ್ಡಿ ಗೀರಿ, ಮುಚ್ಚಳ ತಿರುಗಿಸಿ,
ತಾರಸಿಯಿಂದ ಬಿಟ್ಟಳು, ಕೆಳಗೆ ರಾಶಿ ಹಾಕಿದ ಕಬ್ಬಿನ ರವುದಿಗೆ.
ಮೊದಲ ಸಲ ಆರಿತು. ಎರಡನೆಯ ಸಲ ಜಾಡಿ ಮಗುಚಿತು.
ಮೂರನೆಯದನ್ನು ಮೇಷ್ಟ್ರು ಗೊಣಗುತ್ತಲೇ ಮೊಬೈಲಲ್ಲಿ ಹಿಡಿದರು.
ನಿಧಾನಕ್ಕೆ ಹಿಂದೆ ಮುಂದೆ ಎಳೆದು ನೋಡಿದೆವು:
ಉದ್ದ ನಾಲಗೆಯ ಉರಿ ಕುಗ್ಗಿ,
ಹಳದಿ ಬಿಟ್ಟು ನೀಲಿಗೆ ಜಾರಿ,
ಎತ್ತ ಹೋಗಬೇಕೆಂದು ತೋಚದೆ
ಗುಂಡಗಾಗತೊಡಗಿತ್ತು.
ಒಂದು ಸೆಕೆಂಡೂ ಇಲ್ಲ. ಆಮೇಲೆ ಬರೀ ರವುದಿ.

ನಾಲ್ಕನೆಯ ಸಲ ಕಲ್ಲಿಗೆ ತಾಗಿತು.
ಬರೆದುಕೊಂಡೆ: ಗಾಜಿನ ಜಾಡಿ ಒಂದು, ಒಡೆದಿದೆ.
ಪಕ್ಕದಲ್ಲಿ ಕಾರಣ ಎಂಬ ಮನೆ.
ಮೇಲಕ್ಕೆ ಹೋದವರ ಹೆಸರು ಬರೆಯಲೇ,
ಅವ್ವನ ಒಲೆಯ ಮುಂದೆ ಕೂತೇ
ಇವಳಿಗೆ ಹೊಳೆಯುತ್ತಿತ್ತೇನೋ ಎಂದು ಬರೆಯಲೇ?
ಆಡಿಟ್ಟು ಬಂದು ಹೋಯಿತು, ಆ ಮನೆ ಇನ್ನೂ ಖಾಲಿ.

ಗಾಜು ಆಯುತ್ತಾ ಸಿಂಚನ ತಲೆಯೆತ್ತಿ
ಆಸ್ಪತ್ರೆ ಹಿಂದಿನ ನೀರಿನ ಟ್ಯಾಂಕು ನೋಡಿದಳು,
ಅದರಾಚೆ ಕುಂತಿಬೆಟ್ಟ.
ಮೇಷ್ಟ್ರು ಸಿಟ್ಟಿನಲ್ಲಿ ಜೇಬಿಗೆ ಕೈ ಹಾಕಿ
ನೂರರ ನೋಟೊಂದು ನನ್ನ ಕಡೆ ಚಾಚಿದರು, ಇನ್ನೊಂದು ಜಾಡಿಗೆ.
"ಈ ಎತ್ತರ ಸಾಲ್ದು ಸಾ," ಅಂದಳು,
"ಪೂರ್ತಿ ಗುಂಡಗಾಗೋಕ್ ಮುಂಚೇನೇ
ನೆಲ ಬಂದ್ಬುಡ್ತದೆ."